ಓಟಿನ ರಜೆ

ಉಚ್ಚಂಗಮ್ಮನ ಬಾಯಿಗೆ ಬಿಟ್ಟ ನೀರು ಗಂಟಲಿಗೆ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹೊರಬಂದು, ಕೆನ್ನೆಯ ಸುಕ್ಕಿನಲ್ಲಿ ಹರಿದು ದಿಂಬನ್ನು ನೆನೆಸಿತು. ಆನಂದಪ್ಪ ಇನ್ನೊಂದು ಚಮಚ ಬಿಟ್ಟ. ಅದೂ ಹಾಗೆಯೇ ಆಯಿತು. ಮೂಗಿನ ಕೆಳಗೆ ಬೆರಳಿಟ್ಟು ನೋಡಿದ, ಎದೆಗೆ ಕಿವಿಗೊಟ್ಟ. ಕೇಳಿಸಿದ್ದು ಗೋಡೆಯಾಚೆ ಓಟಿನ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಎಳೆದು ಸಾಲಾಗಿ ಇಡುತ್ತಿದ್ದ ಸದ್ದು ಮಾತ್ರ. ಓಟು ಇನ್ನೂ ಶುರುವಾಗಿರಲಿಲ್ಲ. ಹೊರಗೆ ಶಾಲೆಯ ಅಂಗಳದಲ್ಲಿ ಜನ ಆಗಲೇ ಸೇರಿದ್ದರು.

ಅವ್ವಾ ಎಂದು ಕೂಗಲು ತೆರೆದ ಬಾಯಿಗೆ ಹೆಗಲ ಮೇಲಿನ ವಸ್ತ್ರವನ್ನು ತುರುಕಿಕೊಂಡ. ಹೆತ್ತ ತಾಯಿ ಸತ್ತಾಗ ಮಗ ಅಳಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಅವನು ಅತ್ತರೆ ಅಂಗಳದ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಹೆಣ ಇರುವ ಕಟ್ಟಡದೊಳಗೆ ಕಾಲಿಟ್ಟು ಓಟು ಹಾಕುವಷ್ಟು ಓಟಿನ ಹುಚ್ಚು ಆ ಊರಿಗೆ ಹಿಡಿದಿರಲಿಲ್ಲ. ಅವರು ಹೋದರೆ ಪಟೇಲ ಚೌಡಪ್ಪ ಗೆಲ್ಲುತ್ತಾನೆ. ಯಾವ ಪೆಟ್ಟಿಗೆಯಲ್ಲಿ ಎಷ್ಟು ಚೀಟಿ ಬಿದ್ದರೂ ಗೆಲುವು ಅವನದೇ.

ಅದಕ್ಕೆ ಕಾರಣವಿತ್ತು. ಆನಂದಪ್ಪ ಈ ಊರಿಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ ಶಾಲೆ ನಡೆಯುತ್ತಿದ್ದುದು ಪಟೇಲರ ಮನೆಯ ಜಗಲಿಯಲ್ಲಿ. ಊರ ಮಕ್ಕಳು ಜಗಲಿಯ ಮೇಲೆ, ಕುರುಬರ ಹಟ್ಟಿಯ ಮಕ್ಕಳು ಕೆಳಗೆ ಬಿಸಿಲಲ್ಲಿ. ಕುರಿಯ ವಾಸನೆ ತಡೆಯಲಾಗುವುದಿಲ್ಲ ಎಂದು ಪಟೇಲರು ಹೇಳುತ್ತಿದ್ದರು. ಅವರ ಜಗಲಿಯಲ್ಲೇ ಎಮ್ಮೆ ಕಟ್ಟುತ್ತಿದ್ದ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಆನಂದಪ್ಪ ಬಂದಳಿಕೆ ಊರಿಗೆ ಹೋಗುವ ದಾರಿಗೆ ಹತ್ತಿದ ಬಯಲಿನಲ್ಲಿ ಸರ್ಕಾರದಿಂದ ಒಂದು ಕಟ್ಟಡ ಮಾಡಿಸಿಕೊಳ್ಳುವಷ್ಟರಲ್ಲಿ ಅವನ ಚಪ್ಪಲಿಗಳೆಲ್ಲ ಸವೆದವು. ಮುಂದೆ ಒಂದು ದೊಡ್ಡ ಕೋಣೆ, ಅದರ ಬೆನ್ನಿಗೆ ಮೇಷ್ಟ್ರಿಗೆ ಇರಲು ಒಂದು ಚಿಕ್ಕ ಕೋಣೆ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತರು. ಪಟೇಲರು ನಕ್ಕು ಸುಮ್ಮನಾದರು. ಅವರು ನಕ್ಕು ಸುಮ್ಮನಾಗುವುದಕ್ಕೆ ಊರು ಹೆದರುತ್ತಿತ್ತು.

ಹೋದ ಸಲದ ಓಟು ಕೂಡ ಅದೇ ಜಗಲಿಯ ಮೇಲೆ ನಡೆದಿತ್ತು. ಹಟ್ಟಿಯ ಹೆಂಗಸರು ದೂರದಲ್ಲಿ ನಿಂತು ನೋಡಿ ಹಾಗೇ ಹಿಂದಿರುಗಿದ್ದರು. ಈ ಸಲ ಶಾಲೆಯಲ್ಲೇ ಆಗಲಿ ಎಂದು ಆನಂದಪ್ಪ ಶಿಕಾರಿಪುರದ ಕಚೇರಿಗೆ ಅಲೆದು ಹುಕುಂ ತಂದ. ಓಟಿನ ದಿನವೂ ಅದರ ಹಿಂದಿನ ದಿನವೂ ಶಾಲೆಗೆ ರಜೆ, ಕಟ್ಟಡವನ್ನು ಖಾಲಿ ಮಾಡಿಕೊಡತಕ್ಕದ್ದು ಎಂದಿತ್ತು ಅದರಲ್ಲಿ. ಪಟೇಲರು ಅದನ್ನು ಕೇಳಿ, “ಆಗ್ಲಿ ಮೇಷ್ಟ್ರೆ. ನಿಮ್ಮ ಸಾಲಿಯಾಗ ಏನಾರ ಹೆಚ್ಚುಕಮ್ಮಿ ಆತು ಅಂದ್ರೆ ಓಟೂ ಮಕ್ಳೂ ವಾಪಸ್ ನಮ್ಮ ಜಗಲಿಗೇ ಬರ್ತಾವು ನೋಡ್ರಿ,” ಎಂದಿದ್ದರು.

ಹೆಚ್ಚುಕಮ್ಮಿ ಅನ್ನುವುದು ಹಿಂದಿನ ಕೋಣೆಯಲ್ಲೇ ಮಲಗಿತ್ತು. ಹರಪನಹಳ್ಳಿ ಕಡೆಯ ಊರಿನಿಂದ ಮಗನ ಜೊತೆ ಬಂದ ಉಚ್ಚಂಗಮ್ಮ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಳು. ಹಿಂದಿನ ಸಂಜೆ ಪೆಟ್ಟಿಗೆಗಳ ಗಾಡಿಯೊಂದಿಗೆ ಬಂದ ಓಟಿನ ಸಾಹೇಬರು ಕೋಣೆಗೆ ಇಣುಕಿ ನೋಡಿ ತಲೆ ಕೆರೆದುಕೊಂಡರು. ಅವರು ಸೊರಬದ ಕಡೆಯವರು, ಕುಪ್ಪಗಡ್ಡೆಯ ಹತ್ತಿರದ ಹಳ್ಳಿಯವರು, ಮೆತ್ತನೆಯ ಮನುಷ್ಯ.

“ಮುದುಕಿಯನ್ನು ಎಲ್ಲಿಗೆ ಅಂತ ಕಳಿಸ್ತೀರಿ ಮಾರಾಯ್ರೆ,” ಎಂದರು. “ಈ ನಡುವಿನ ಬಾಗಿಲು ಮಾತ್ರ ತೆಗೀಬೇಡಿ. ಹಿಂದಿಂದ ಓಡಾಡಿಕೊಳ್ಳಿ. ನಾನು ನೋಡ್ಲಿಲ್ಲ, ಆಯ್ತಲ್ಲ?”

ಹೀಗೆ ಉಚ್ಚಂಗಮ್ಮ ಅಲ್ಲೇ ಉಳಿದಳು. ಉಳಿದವಳು ಹೊತ್ತು ಮೂಡಿ ಸ್ವಲ್ಪ ಹೊತ್ತಿಗೆ ಮಗನ ತೊಡೆಯ ಪಕ್ಕದಲ್ಲಿ, ಯಾವಾಗಲೂ ಮಲಗುವಂತೆ ಮೊಣಕಾಲು ಮಡಚಿಕೊಂಡು, ಹೋಗಿಬಿಟ್ಟಳು.

ಮೊನ್ನೆಯಷ್ಟೇ ಅವಳು ಕೇಳಿದ್ದಳು: “ಆನಂದಾ, ಇವತ್ತು ಯಾವ ನಕ್ಷತ್ರ ಅಂತ ಅಯ್ಯನೋರ್ನ ಕೇಳ್ಕಂಡು ಬಾರಪ್ಪ.”

“ಯಾಕವ್ವ, ಎಲ್ಲಿಗಾದ್ರೂ ಹೊಂಟೀಯೇನು?”

“ಹೊಂಟೀನಲ್ಲ,” ಎಂದಿದ್ದಳು. “ಒಳ್ಳೆ ಗಳಿಗಿ ನೋಡ್ಕಂಡು ಹೋಗ್ಬೇಕು. ಯಾರಿಗೂ ಹೊರೆ ಆಗ್ಬಾರ್ದು.”

ಅವನು ನಕ್ಕು ಕಂಬಳಿ ಹೊದಿಸಿದ್ದ. ನಕ್ಷತ್ರಗಳು ಬರೀ ಬೆಂಕಿ ಉಂಡೆಗಳು ಎಂದು ಮಕ್ಕಳಿಗೆ ಪಾಠ ಹೇಳುವ ಮನುಷ್ಯ ಅವನು. ಪಂಚಾಂಗದ ಪುಟ ತೆರೆದವನೇ ಅಲ್ಲ.

ಈಗ ಆ ಕಂಬಳಿಯನ್ನೇ ಅವಳ ಕುತ್ತಿಗೆಯವರೆಗೆ ಎಳೆದ. ಕಣ್ಣುಗಳನ್ನು ಮುಚ್ಚಿದ. ತಲೆಯ ಹತ್ತಿರ ಒಂದು ಸಣ್ಣ ಹಣತೆ ಹಚ್ಚಿಟ್ಟು, ಬೆಳಕು ಹೊರಗೆ ಕಾಣದಂತೆ ಅಕ್ಕಿ ಡಬ್ಬಿಯನ್ನು ಅಡ್ಡ ಇಟ್ಟ. ಆಮೇಲೆ ಮುಖ ತೊಳೆದುಕೊಂಡು, ಹಿಂಬಾಗಿಲ ಚಿಲಕ ಹಾಕಿ, ಕಟ್ಟಡವನ್ನು ಬಳಸಿಕೊಂಡು ಅಂಗಳಕ್ಕೆ ಬಂದ. ತಾನು ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಗೊತ್ತಿತ್ತು. ಸಂಜೆಯವರೆಗೆ ಮಾತ್ರ, ಪೆಟ್ಟಿಗೆಗಳು ಗಾಡಿ ಹತ್ತುವವರೆಗೆ ಮಾತ್ರ, ಎಂದು ಅವ್ವನಿಗೇ ಸಮಾಧಾನ ಹೇಳುವವನಂತೆ ಹೇಳಿಕೊಂಡ.

ಹಟ್ಟಿಯ ಹೆಂಗಸರು ಹಬ್ಬದ ಸೀರೆ ಉಟ್ಟು ಬಂದಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಗುಡ್ಡಮ್ಮ ಇದ್ದಳು. ಗಂಡ ಸತ್ತ ಮೇಲೆ ಕುರಿಮಂದೆಯನ್ನೂ ಮನೆಯನ್ನೂ ತೂಗಿಸಿಕೊಂಡು ಬಂದ ಗಟ್ಟಿ ಹೆಂಗಸು. ಮಗ ಅಂಜನಾಪುರದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಲು ಹೋಗಿದ್ದ. ಮನೆಯಲ್ಲಿ ಸೊಸೆ ಹಾಲಮ್ಮ, ತುಂಬಿದ ಬಸುರಿ. ಊರಲ್ಲಿ ಯಾರಿಗೆ ಉಸಿರು ಕಟ್ಟಿದರೂ ಗುಡ್ಡಮ್ಮನ ಕಷಾಯ ಬೇಕು. ಅವಳು ಒಳಗೆ ಹೋಗಿ, ಪರದೆಯ ಹಿಂದೆ ಬಹಳ ಹೊತ್ತು ನಿಂತು, ಸಾಹೇಬರು ಕೂಗಿದ ಮೇಲೆ ಹೊರಬಂದಳು.

“ಏನ್ ಮಾಡ್ತಿದ್ದೆ ಗುಡ್ಡಮ್ಮ ಅಷ್ಟೊತ್ತು?” ಎಂದು ಯಾರೋ ಕಿಚಾಯಿಸಿದರು.

“ಪೆಟ್ಗೆ ಮುಂದೆ ನಿಂತ್ರೆ ಕೈ ಮುಗೀಬೇಕೋ ಬ್ಯಾಡ್ವೋ ಗೊತ್ತಾಗ್ಲಿಲ್ಲ. ಮುಗ್ದೇ ಬಂದೆ,” ಎಂದಳು. ಜನ ನಕ್ಕರು. ಆನಂದಪ್ಪನೂ ನಗಬೇಕಾಯಿತು, ನಕ್ಕ.

ಬಿಸಿಲು ಏರಿತು. ದೂರದ ಹಳ್ಳಿಗಳಿಂದ ನಡೆದು ಬಂದವರು ನೀರು ಕೇಳಿದರು. ಶಾಲೆಯ ಹಂಡೆಯಿಂದ ಚೆಂಬಿನಲ್ಲಿ ನೀರು ಕೊಡುವುದು ಮೇಷ್ಟ್ರ ಕೆಲಸವೇ ಆಗಿತ್ತು. ಸೂತಕದ ಕೈಯಿಂದ ಅವನು ಎಲ್ಲರಿಗೂ ನೀರು ಕೊಟ್ಟ. ಪಟೇಲರಿಗೂ ಕೊಟ್ಟ. ಅವರು ಎತ್ತಿ ಕುಡಿದು ಮೀಸೆ ಒರೆಸಿಕೊಂಡು, “ಚಲೋ ನಡ್ಸೀರಿ ಮೇಷ್ಟ್ರೆ,” ಎಂದರು. ಆಗಾಗ ಅವನು ಹಿಂದಕ್ಕೆ ಹೋಗಿ ಚಿಲಕ ತೆಗೆದು ನೋಡುತ್ತಿದ್ದ. ನೊಣಗಳನ್ನು ಓಡಿಸುತ್ತಿದ್ದ. ಇರುವೆ ಬಾರದಂತೆ ಚಾಪೆಯ ಸುತ್ತ ಬೂದಿ ಎಳೆದ. ಒಂದು ಸಲ ಕಾಲು ನೀಡಿಸಬೇಕೆಂದು ಮೊಣಕಾಲು ಹಿಡಿದ, ನೆಟ್ಟಗಾಗಲಿಲ್ಲ. ಅಲ್ಲಿಯೇ ಕೂತು, ಗೋಡೆಗೆ ಹಣೆ ಒತ್ತಿಕೊಂಡು, ಆಚೆ ಸಾಹೇಬರು ಒಬ್ಬೊಬ್ಬರ ಹೆಸರು ಕೂಗುವುದನ್ನು ಕೇಳುತ್ತ ಸದ್ದಿಲ್ಲದೆ ಅತ್ತ.

ಮಧ್ಯಾಹ್ನ ದಾಟಿದ ಮೇಲೆ ಗುಡ್ಡಮ್ಮ ಕಷಾಯದ ಚೊಂಬು ಹಿಡಿದು ಹಿಂಬಾಗಿಲಿಗೆ ಬಂದಳು. “ಅವ್ವಾರು ಹೆಂಗದಾರೆ ಮೇಷ್ಟ್ರೆ? ಬಿಸಿ ಐತೆ, ಎಲ್ಡು ಗುಟುಕು ಕುಡಿಸ್ತೀನಿ.”

ಅವನು ಬಾಗಿಲಿಗೆ ಅಡ್ಡ ನಿಂತ. “ಈಗ ತಾನೇ ನಿದ್ದೆ ಹತ್ತೈತೆ ಗುಡ್ಡಮ್ಮ.”

“ಹಂಗಾದ್ರೆ ಎಬ್ಬಿಸ್ಬ್ಯಾಡ್ರಿ. ಎದ್ ಮ್ಯಾಲೆ ಕುಡಿಸ್ರಿ.” ಚೊಂಬನ್ನು ಅವನ ಕೈಗೆ ಕೊಟ್ಟು ಹೇಳಿದಳು: “ಇಲ್ಲಿ ಗದ್ಲ ಭಾಳ. ಸಂಜೀಗೆ ನಮ್ಮನೀಗೆ ಕರ್ಕಂಬರ್ರಿ. ಒಲೆ ಮಗ್ಗುಲು ಬೆಚ್ಚಗಿರ್ತದೆ. ನಾನು ನೋಡ್ಕಂತೀನಿ.”

ಆ ಮಾತು ಅವನ ತಲೆಯೊಳಗೆ ಹೊಕ್ಕು ಕೂತಿತು. ಅಲ್ಲಿಯವರೆಗೆ ಸಂಜೆ ಏನು ಮಾಡುವುದೆಂದು ಅವನಿಗೆ ಹೊಳೆದಿರಲಿಲ್ಲ. ಗಾಡಿ ಹೋದ ಮೇಲೆ ಈಗ ಸತ್ತಳು ಎಂದರೂ ಸತ್ತದ್ದು ಶಾಲೆಯಲ್ಲೇ ಆಗುತ್ತದೆ. ಹೆಣ ಬಿದ್ದ ಶಾಲೆಗೆ ಮಕ್ಕಳನ್ನು ಕಳಿಸಬೇಡಿ ಎಂದು ಪಟೇಲರು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಮನೆಯಾದರೆ ಬೇರೆ ಮಾತು. ಯಾವ ಮನೆಯಲ್ಲಿ ಸಾವು ಆಗಿಲ್ಲ? ತೊಳೆದು ಸಾರಿಸಿ ಮೈಲಿಗೆ ಕಳೆದರೆ ಮುಗಿಯಿತು. ಹೀಗೆ ಲೆಕ್ಕ ಹಾಕಿದ ಆನಂದಪ್ಪ. ಕಷಾಯ ಕೊಟ್ಟವಳ ಒಳ್ಳೆಯತನವನ್ನೇ ಬಳಸಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಅನಿಸಲಿಲ್ಲವೆಂದಲ್ಲ. ಅನಿಸಿತು, ಅದನ್ನು ಆಚೆ ತಳ್ಳಿದ.

ಹೊತ್ತು ಇಳಿದಾಗ ಪೆಟ್ಟಿಗೆಗಳಿಗೆ ಅರಗು ಹಾಕಿ ಮುದ್ರೆ ಒತ್ತಿ ಗಾಡಿಗೆ ಏರಿಸಿದರು. ಹಟ್ಟಿಯ ಹೆಂಗಸರೆಲ್ಲ ಓಟು ಹಾಕಿದ್ದರು. ಸಾಹೇಬರು ಅವನ ಕೈ ಹಿಡಿದು, “ಒಂದು ಗಲಾಟೆ ಇಲ್ಲ, ಒಂದು ಮಾತಿಲ್ಲ. ಮುಂದಿನ ಸಲವೂ ಇಲ್ಲೇ ಮಾಡಿ ಅಂತ ಬರೀತೇನೆ. ತಾಯಿಯನ್ನು ನೋಡಿಕೊಳ್ಳಿ,” ಎಂದು ಹತ್ತಿ ಕೂತರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಆನಂದಪ್ಪ ನಿಂತಿದ್ದ.

ಆಮೇಲೆ ಅವ್ವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಮಡಚಿದ ಕಾಲು ಮಡಚಿದಂತೆಯೇ ಇತ್ತು. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಳ್ಳಲು ಅನುಕೂಲವೇ ಆಯಿತು. ಹಟ್ಟಿಯ ದಾರಿಯಲ್ಲಿ ತಳವಾರ ಗುತ್ಯಪ್ಪ ಎದುರಾಗಿ ಗಾಬರಿಯಿಂದ ಕೈ ಚಾಚಿದ.

“ನಾನು ಹಿಡೀತೀನಿ ತಾಳ್ರಿ ಮೇಷ್ಟ್ರೆ.”

“ಬೇಡ ಗುತ್ಯಪ್ಪ. ಉಸಿರು ಮೇಲಾಗೈತೆ. ಗುಡ್ಡಮ್ಮನ ಹತ್ರ ಔಷಧಿ ಕೊಡ್ಸೋಣ ಅಂತ.” ನಿಲ್ಲದೆ ನಡೆದ.

ಗುಡ್ಡಮ್ಮ ಒಲೆಯ ಪಕ್ಕ ಗೋಣಿತಾಟು ಹಾಸಿ ಕಾಯುತ್ತಿದ್ದಳು. ಸೊಸೆ ಹಾಲಮ್ಮ ಹೊಟ್ಟೆ ಹಿಡಿದುಕೊಂಡು ದೀಪ ಹಚ್ಚುತ್ತಿದ್ದಳು. ಆನಂದಪ್ಪ ಅವ್ವನನ್ನು ಮಲಗಿಸಿದ. ಗುಡ್ಡಮ್ಮ ಬಾಗಿ, ಕಂಬಳಿಯೊಳಗೆ ಕೈಹಾಕಿ ಉಚ್ಚಂಗಮ್ಮನ ಪಾದ ಮುಟ್ಟಿದಳು. ಕೈ ಅಲ್ಲೇ ನಿಂತಿತು. ಎಷ್ಟೋ ಕುರಿಮರಿಗಳ, ಒಬ್ಬ ಗಂಡನ, ಇಬ್ಬರು ಮಕ್ಕಳ ತಣ್ಣಗಾದ ಮೈ ಮುಟ್ಟಿದ ಕೈ ಅದು. ತಲೆ ಎತ್ತಿ ಮೇಷ್ಟ್ರ ಮುಖ ನೋಡಿದಳು. ಅವನು ನೆಲ ನೋಡಿದ.

“ಹಾಲಿ,” ಎಂದಳು ಗುಡ್ಡಮ್ಮ, “ನೀನು ಹೊರಗೆ ಹೋಗಿ ಕೂತ್ಕ. ನೀರು ಕಾಯಿಸ್ಬೇಕು, ದೊಡ್ಡ ಹಂಡೇಲಿ.”

ಸೊಸೆ ಹೊಸಿಲು ದಾಟಿದ ಮೇಲೆ ಆನಂದಪ್ಪ ಬೆಳಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟು ಅತ್ತ. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಹಟ್ಟಿಯೆಲ್ಲ ಓಡಿಬಂತು. ಮೈ ತೊಳೆಯಲು ಮುಂದಾದ ಹೆಂಗಸರನ್ನು ಗುಡ್ಡಮ್ಮ ಬಾಗಿಲಲ್ಲೇ ತಡೆದಳು. “ಮುದುಕವ್ವ ನನ್ ಕೈ ಮ್ಯಾಲೆ ಹೋಗ್ಯಾಳೆ. ನಾನೇ ತೊಳೀತೀನಿ,” ಎಂದು ಬಾಗಿಲು ಎಳೆದುಕೊಂಡಳು. ಒಳಗೆ ಸೆಟೆದ ಮೈ ಮೇಲೆ ಬಿಸಿ ನೀರು ಹುಯ್ಯುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಬಾಗಿಲು ತೆರೆದಾಗ ಉಚ್ಚಂಗಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು.

ಮಾರನೆ ಬೆಳಿಗ್ಗೆ ಮಣ್ಣು ಮಾಡುವ ಮೊದಲು ಅಯ್ಯನವರು ಬಂದರು. ಹಟ್ಟಿಯ ಕಟ್ಟೆಯ ಮೇಲೆ ಕೂತು ಪಂಚಾಂಗ ಬಿಡಿಸಿದರು. ಪಟೇಲರೂ ಬಂದು ಕೂತರು; ಸಾವಿಗೆ ಬರಬೇಕಲ್ಲ.

“ಜೀವ ಹೋಗಿದ್ದು ಯಾವಾಗ ಮೇಷ್ಟ್ರೆ?”

“ದೀಪ ಹಚ್ಚೋ ಹೊತ್ತಿಗೆ,” ಎಂದ ಆನಂದಪ್ಪ.

ಅಯ್ಯನವರ ಬೆರಳು ಪುಟದ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು. ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿದರು. “ನಿನ್ನೆ ಮಧ್ಯಾಹ್ನಕ್ಕೆ ಪಂಚಕ ಹೊಕ್ಕೈತೆ. ಅದ್ರಾಗೂ ಧನಿಷ್ಠೆ. ಈ ಮನಿ ಆರು ತಿಂಗ್ಳು ಮುಚ್ಚಬೇಕು. ಒಳಗೆ ಒಲೆ ಉರೀಬಾರ್ದು, ದೀಪ ಹಚ್ಚಬಾರ್ದು, ಮನುಷ್ಯರು ಮಲಗಬಾರ್ದು. ಇಲ್ಲ ಅಂದ್ರೆ ಅದೇ ಮನಿಯಾಗ ಇನ್ನೊಂದು ಜೀವ ಹೋಗ್ತದೆ.” ಪಂಚಾಂಗ ಮಡಚುತ್ತ ಹೇಳಿದರು: “ಮಧ್ಯಾಹ್ನಕ್ಕೆ ಮುಂಚೆ ಹೋಗಿದ್ರೆ ಚಲೋ ನಕ್ಷತ್ರ. ಯಾವ ದೋಷನೂ ಇರ್ಲಿಲ್ಲ. ನಿಮ್ಮವ್ವನ ಹಣೇಬರ.”

ಅವ್ವ ಕೇಳಿದ್ದ ಗಳಿಗೆಯಲ್ಲೇ ಹೋಗಿದ್ದಳು. ಯಾರಿಗೂ ಹೊರೆಯಾಗದೆ, ಚೊಕ್ಕಟವಾಗಿ ಹೋಗಿದ್ದಳು. ಅವಳನ್ನು ಕೆಟ್ಟ ನಕ್ಷತ್ರದೊಳಗೆ ಹೊತ್ತು ತಂದವನು ಆನಂದಪ್ಪ. ತಾನು ನಂಬದ ಆ ನಕ್ಷತ್ರ ಈಗ ಬಸುರಿ ಹೆಂಗಸಿನ ತಲೆಯ ಮೇಲಿನ ಸೂರು ಕಿತ್ತುಕೊಳ್ಳುತ್ತಿತ್ತು. ಒಂದು ಮಾತು ಸಾಕು. ಬೆಳಿಗ್ಗೆಯೇ ಹೋದಳು, ಶಾಲೆಯಲ್ಲೇ ಹೋದಳು ಎಂದರೆ ಈ ಮನೆ ಉಳಿಯುತ್ತದೆ. ಆದರೆ ಆಗ ಊರಿಗೆ ಊರೇ ಹೆಣದ ಮಗ್ಗುಲಲ್ಲಿ ಓಟು ಹಾಕಿದಂತೆ, ಸೂತಕದ ಕೈಯಿಂದ ನೀರು ಕುಡಿದಂತೆ. ಶಾಲೆಯ ಹೆಂಚು ಕೂಡ ಉಳಿಸುವುದಿಲ್ಲ. ಬಾಯಿ ತೆರೆದ.

ಅಷ್ಟರಲ್ಲಿ ಪಟೇಲರು ಹೇಳಿದರು: “ಪುಣ್ಯಕ್ಕೆ ಇಲ್ಲಿಗೆ ಕರ್ಕಂಡು ಬಂದ್ರಿ ಮೇಷ್ಟ್ರೆ. ಅಲ್ಲೇ ಆಗಿದ್ರೆ ಸಾಲಿಗೆ ಬೀಗ ಬೀಳ್ತಿತ್ತು. ನಾನೇ ಹಾಕಿಸ್ತಿದ್ದೆ.”

ತೆರೆದ ಬಾಯಿ ಮುಚ್ಚಿತು.

ಗುಡ್ಡಮ್ಮ ತನ್ನ ಮನೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಅಯ್ಯನವರನ್ನು ಬೇಡಿಕೊಳ್ಳಲಿಲ್ಲ. ಮೇಷ್ಟ್ರನ್ನೇ ನೋಡುತ್ತಿದ್ದಳು. ಕೋಪದ ನೋಟವಲ್ಲ, ದಾರಿಯಲ್ಲಿ ಹಿಂದೆ ಉಳಿದವರು ಬಂದು ಸೇರಲಿ ಎಂದು ನಿಂತು ಕಾಯುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು. ಪಾತ್ರೆಗಳನ್ನು ಎತ್ತುವ ಸದ್ದು ಶುರುವಾಯಿತು.

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಹಿಂದಿರುಗುವಾಗ ಗುಡ್ಡಮ್ಮನ ಮನೆ ಹೆಚ್ಚುಕಡಿಮೆ ಖಾಲಿಯಾಗಿತ್ತು. ಹಟ್ಟಿಯ ಹಿಂದಿನ ಕುರಿದೊಡ್ಡಿಯಲ್ಲಿ ಒಂದು ಮೂಲೆಗೆ ಸೋಗೆ ಹೊದಿಸಿ, ಮಡಕೆ ಕುಡಿಕೆ, ರಾಗಿಯ ವಾಡೆ ಎಲ್ಲವನ್ನೂ ಅಲ್ಲಿಗೆ ಸಾಗಿಸಿದ್ದರು. ಸೊಸೆ ಹಾಲಮ್ಮ ದೊಡ್ಡಿಯ ಬೇಲಿಗೆ ಕೈಯೂರಿ ಕೂತು ಏದುಸಿರು ಬಿಡುತ್ತಿದ್ದಳು. ಅವಳ ಹೆರಿಗೆ ಈ ತಿಂಗಳು. ಇನ್ನು ಕೆಲವು ತಿಂಗಳಿಗೆ ಮಳೆಗಾಲ. ಆನಂದಪ್ಪ ಸೋಗೆಯ ಸಂದಿನಿಂದ ಬೀಳುತ್ತಿದ್ದ ಬಿಸಿಲನ್ನು ನೋಡಿ ಮುಖ ತಿರುಗಿಸಿದ.

ಗುತ್ಯಪ್ಪ ಕಾರೆಮುಳ್ಳಿನ ದೊಡ್ಡ ಕೊಂಬೆಯೊಂದನ್ನು ಎಳೆದು ತಂದು ಬಾಗಿಲ ಮುಂದೆ ಹಾಕಿದ.

“ಸತ್ತೋರ ಕಡೆಯೋರೇ ಮುಳ್ಳು ಕಟ್ಬೇಕು ಮೇಷ್ಟ್ರೆ,” ಎಂದರು ಅಯ್ಯನವರು. “ಬಾಗ್ಲಿಗೆ ಅಡ್ಡ ಇಟ್ಟು ಬಿಗೀರಿ.”

ಜನ ಸುತ್ತ ನಿಂತರು. ಪಟೇಲರು ಬೇವಿನ ನೆರಳಿನಲ್ಲಿ ನಿಂತು, ನಾಳೆ ಶಾಲೆ ಇದೆ ತಾನೇ ಎಂದು ಯಾರನ್ನೋ ಕೇಳುತ್ತಿದ್ದರು. ಗುಡ್ಡಮ್ಮ ಎಲ್ಲರಿಗಿಂತ ಕೊನೆಗೆ ಹೊರಬಂದಳು. ಕೈಯಲ್ಲಿ ಒಡೆದ ಹೆಂಚಿನ ಮೇಲೆ ಒಲೆಯ ಕೆಂಡಗಳಿದ್ದವು. ಹೊಸಿಲು ದಾಟಿ, ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

“ಗುಡ್ಡಮ್ಮ,” ಎಂದ ಆನಂದಪ್ಪ.

“ಹೇಳ್ರಿ ಮೇಷ್ಟ್ರೆ.”

ಅವಳು ನಿಂತಳು. ಜನರೂ ಮಾತು ನಿಲ್ಲಿಸಿದರು. ಅವನ ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕಿ ಕಾಲ ಬುಡದಲ್ಲಿ ಮಣ್ಣು ಕೆಸರಾಗುತ್ತಿತ್ತು.

“ಏನಿಲ್ಲ,” ಎಂದ.

ಬಗ್ಗಿ ಕೊಂಬೆಯನ್ನು ಎತ್ತಲು ಹೋದ. ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. ನಡುವೆ ಹಿಡಿದ, ಅಂಗೈಗೆ ಮುಳ್ಳು ನೆಟ್ಟಿತು. ಗುಡ್ಡಮ್ಮ ಕೆಂಡದ ಹೆಂಚನ್ನು ಸೊಸೆಯ ಕೈಗೆ ಕೊಟ್ಟು ಹತ್ತಿರ ಬಂದಳು.

“ಹಂಗೆ ಹಿಡೀಬ್ಯಾಡ್ರಿ, ಕೈಗೆ ನಾಟ್ತದೆ,” ಎಂದಳು. “ಬುಡ ಹಿಡೀರಿ.”

ಹೆಗಲ ಕಂಬಳಿಯ ಅಂಚನ್ನು ಕೈಗೆ ಸುತ್ತಿಕೊಂಡು ಕೊಂಬೆಯ ಇನ್ನೊಂದು ತುದಿಯನ್ನು ಎತ್ತಿ, ಅವನು ಹಗ್ಗ ಬಿಗಿದು ಗಂಟು ಹಾಕುವವರೆಗೂ, ತನ್ನ ಮನೆಯ ಬಾಗಿಲಿಗೆ ಒತ್ತಿ ಹಿಡಿದು ನಿಂತಳು.